ಎಂಜಿನ್ ಕೊಟ್ಟದ್ದು ಎಷ್ಟು, ಚಕ್ರಕ್ಕೆ ಬಂದದ್ದು ಎಷ್ಟು? ಡ್ರೈವ್, ಗೇರ್‌ಬಾಕ್ಸ್, ಡೈನೊ ಆರಿಸುವ ಮುಂಚೆ ಓದಿ

ಹೋದ ವರ್ಷ ನನ್ನ ಗೆಳೆಯ ಒಂದು ಸೆಕೆಂಡ್ ಹ್ಯಾಂಡ್ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರು ತಗೊಂಡ. 2017ರ ಮಾಡೆಲ್, 2 ಲೀಟರ್ ಟರ್ಬೊ ಪೆಟ್ರೋಲ್, ಕಂಪನಿ ಲೆಕ್ಕದಲ್ಲಿ 230 ಪಿಎಸ್. ತಗೊಂಡ ವಾರದಲ್ಲೇ ಬೆಂಗಳೂರಿನ ಒಂದು ಟ್ಯೂನಿಂಗ್ ಅಂಗಡಿಯಲ್ಲಿ ಡೈನೊ, ಅಂದರೆ ಗಾಡಿಯ ಚಕ್ರವನ್ನು ರೋಲರ್ ಮೇಲೆ ತಿರುಗಿಸಿ ಶಕ್ತಿ ಅಳೆಯುವ ಯಂತ್ರದ ಮೇಲೆ ಹತ್ತಿಸಿದ. ಪರದೆ ಮೇಲೆ 196 ಹಾರ್ಸ್‌ಪವರ್ ಅಂತ ಬಂತು. ಅವನ ಮುಖ ಸಣ್ಣದಾಯಿತು. ಎಂಜಿನ್ ಸೋತಿದೆ, ಮಾರಿದವರು ಮೋಸ ಮಾಡಿದ್ದಾರೆ ಅಂತ ಅನಿಸಿಬಿಟ್ಟಿತು. ಅಷ್ಟರಲ್ಲಿ ಅಂಗಡಿಯ ಹುಡುಗ ಕಂಪ್ಯೂಟರಿನಲ್ಲಿ ಒಂದು ಕ್ಲಿಕ್ ಮಾಡಿದ. ಅದೇ ರನ್ (ಡೈನೊ ಮೇಲಿನ ಒಂದು ಓಟ), ಅದೇ ಗೆರೆ, ಈಗ 219. ಗೆಳೆಯ ಖುಷಿಯಾಗಿಬಿಟ್ಟ.

ಅವನು ಬೇಜಾರು ಮಾಡಿಕೊಂಡಿದ್ದೂ ಸರಿಯಲ್ಲ, ಖುಷಿಪಟ್ಟಿದ್ದೂ ಸರಿಯಲ್ಲ. ಆವತ್ತು ಮನೆಗೆ ಬರುವ ದಾರಿಯುದ್ದಕ್ಕೂ ನಾನು ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಜೋರಾದ ಗಾಡಿ ತಗೊಳ್ಳೋಣ ಅಂತ ಇರುವವರಿಗೆ, ಇರುವ ಗಾಡಿಯನ್ನು ಟ್ಯೂನ್ ಮಾಡಿಸೋಣ ಅಂತ ಇರುವವರಿಗೆ ಇಬ್ಬರಿಗೂ ಇದು ಬೇಕಾಗುತ್ತದೆ.

ಕಂಪನಿಯ 230 ಅನ್ನುವುದು ಎಂಜಿನ್‌ನ ಕ್ರ್ಯಾಂಕ್, ಅಂದರೆ ಶಕ್ತಿ ಹೊರಬರುವ ಶಾಫ್ಟಿನ ತುದಿಯಲ್ಲಿ ಅಳೆದದ್ದು. ಡೈನೊ ತೋರಿಸುವುದು ಟೈರು ರೋಲರ್ ಮುಟ್ಟುವ ಜಾಗದ ಲೆಕ್ಕ. ಅಣೆಕಟ್ಟಿನಲ್ಲಿ ಬಿಟ್ಟ ನೀರೆಲ್ಲ ನಾಲೆಯ ಕೊನೆಯ ಗದ್ದೆಗೆ ಬರುವುದಿಲ್ಲ, ಅಲ್ವಾ? ದಾರಿಯಲ್ಲಿ ಇಂಗುತ್ತದೆ, ಆವಿಯಾಗುತ್ತದೆ. ಕ್ಲಚ್, ಗೇರ್, ಶಾಫ್ಟ್, ಡಿಫರೆನ್ಷಿಯಲ್ (ಎಡ ಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರು), ಬೇರಿಂಗ್, ಟೈರು ಎಲ್ಲವೂ ತಮ್ಮ ಪಾಲು ತಗೊಂಡು ಉಳಿದದ್ದನ್ನು ಮುಂದೆ ಬಿಡುತ್ತವೆ. ಇನ್ನೊಂದು ಸಣ್ಣ ವಿಷಯ: ಎರಡೂ ಶಕ್ತಿಯ ಅಳತೆಯೇ ಆದರೂ ಪಿಎಸ್ ಬೇರೆ, ಹಾರ್ಸ್‌ಪವರ್ ಬೇರೆ. 100 ಪಿಎಸ್ ಅಂದರೆ 98.6 ಹಾರ್ಸ್‌ಪವರ್. ಅಂದರೆ 230 ಅನ್ನುವುದು ಮೊದಲೇ 227 ಆಯಿತು.

ಶೇಕಡಾ 15ರ ಲೆಕ್ಕ ಬಿಟ್ಟುಬಿಡಿ

ದಾರಿಯಲ್ಲಿ ಎಷ್ಟು ಹೋಗುತ್ತದೆ ಅಂತ ಯಾರನ್ನು ಕೇಳಿದರೂ ಒಂದೇ ಉತ್ತರ. ಮುಂದಿನ ಚಕ್ರದ ಗಾಡಿಗೆ ಶೇಕಡಾ 10ರಿಂದ 15, ಹಿಂದಿನ ಚಕ್ರದ್ದಕ್ಕೆ 15 ಚಿಲ್ಲರೆ, ನಾಲ್ಕೂ ಚಕ್ರಕ್ಕೆ 20ರ ಮೇಲೆ. ಸ್ಟಾಕ್ ಗಾಡಿ, ಅಂದರೆ ಕಂಪನಿಯಿಂದ ಬಂದ ಹಾಗೇ ಇರುವ ಗಾಡಿ ಮಟ್ಟಿಗೆ ಇದು ತೀರಾ ಸುಳ್ಳೇನೂ ಅಲ್ಲ. ತೊಂದರೆ ಶುರುವಾಗುವುದು ಟ್ಯೂನ್ ಮಾಡಿಸಿದ ಮೇಲೆ, ಅದೇ ಶೇಕಡಾವಾರನ್ನು ಹಿಡಿದುಕೊಂಡು ಚಕ್ರದ ಸಂಖ್ಯೆಯಿಂದ ಎಂಜಿನ್ ಸಂಖ್ಯೆ ಕಟ್ಟುವಾಗ.

ಒಂದು ಲೆಕ್ಕ ನೋಡಿ. 200 ಹಾರ್ಸ್‌ಪವರ್ ಗಾಡಿ ದಾರಿಯಲ್ಲಿ 30 ಕಳಕೊಳ್ಳುತ್ತದೆ ಅಂತ ಇಟ್ಟುಕೊಳ್ಳಿ. ಅದೇ ಗೇರ್‌ಬಾಕ್ಸ್, ಅದೇ ಟೈರು ಇಟ್ಟುಕೊಂಡು ಎಂಜಿನ್ ಮಾತ್ರ 400ಕ್ಕೆ ಏರಿಸಿದರೆ ಶೇಕಡಾ 15ರ ಪ್ರಕಾರ 60 ಹೋಗಬೇಕು. 60 ಹಾರ್ಸ್‌ಪವರ್ ಅಂದರೆ ಹತ್ತಿರ ಹತ್ತಿರ 45 ಕಿಲೋವ್ಯಾಟ್. ಬಚ್ಚಲುಮನೆಯ 2 ಕಿಲೋವ್ಯಾಟ್ ಗೀಸರ್ ಇರುತ್ತದಲ್ಲ, ಅಂಥ 22 ಗೀಸರ್‌ಗಳನ್ನು ಒಟ್ಟಿಗೆ ಹಾಕಿದ ಬಿಸಿ. ಕಳೆದುಹೋದ ಶಕ್ತಿ ಎಲ್ಲೂ ಮಾಯವಾಗುವುದಿಲ್ಲ. ಹೆಚ್ಚಿನದೆಲ್ಲ ಬಿಸಿಯೇ ಆಗುತ್ತದೆ. ಎರಡು ಲೀಟರ್ ಎಣ್ಣೆ ಇರುವ ಗೇರ್‌ಬಾಕ್ಸಿಗೆ ಇದರ ಅರ್ಧ ಹೋದರೂ ಟ್ರ್ಯಾಕ್‌ನಲ್ಲಿ ಐದು ಸುತ್ತು ಹೊಡೆಯುವಷ್ಟರಲ್ಲಿ ಎಣ್ಣೆ ಸುಟ್ಟುಹೋಗಬೇಕಿತ್ತು.

ಹಾಗಾಗದಿರುವುದಕ್ಕೆ ಕಾರಣ ಇದೆ. ನಷ್ಟದಲ್ಲಿ ಎರಡು ಜಾತಿ. ಒಂದು, ಎಂಜಿನ್ ಎಷ್ಟೇ ತಳ್ಳಲಿ, ಸುಮ್ನೆ ತಿರುಗಿದ್ದಕ್ಕೇ ಆಗುವ ನಷ್ಟ. ಗೇರುಗಳು ಎಣ್ಣೆಯನ್ನು ಕಡೆಯುವುದು, ಆಯಿಲ್ ಸೀಲ್ ಉಜ್ಜುವುದು, ಬೇರಿಂಗ್ ಎಳೆತ, ಪಂಪ್. ಇದು ವೇಗದ ಜೊತೆ ಏರುತ್ತದೆ, ಶಕ್ತಿಯ ಜೊತೆ ಅಲ್ಲ. ಇನ್ನೊಂದು, ಗೇರಿನ ಹಲ್ಲು ಹಲ್ಲಿಗೆ ಒತ್ತಿದಾಗ ಆಗುವ ನಷ್ಟ. ಇದು ಮಾತ್ರ ಶಕ್ತಿಯ ಜೊತೆ ಏರುತ್ತದೆ. ಹಾಗಾಗಿ ಎಂಜಿನ್ ದುಪ್ಪಟ್ಟಾದರೆ ನಷ್ಟ ಏರುತ್ತದೆ, ದುಪ್ಪಟ್ಟಾಗುವುದಿಲ್ಲ. ಟ್ಯೂನ್ ಆದ ಗಾಡಿಗೆ ಹಳೇ ಶೇಕಡಾವಾರು ಹಚ್ಚಿ "ಕ್ರ್ಯಾಂಕ್‌ನಲ್ಲಿ ಇಷ್ಟು" ಅಂತ ಯಾರಾದರೂ ಹೇಳಿದರೆ ಅದು ಊದಿಸಿದ ಸಂಖ್ಯೆ ಅಂತಲೇ ತಿಳಿಯಿರಿ.

ಯಾವ ಚಕ್ರಕ್ಕೆ ಡ್ರೈವ್?

ಇಲ್ಲಿ ಮುಖ್ಯ ಪ್ರಶ್ನೆ ಎಂಜಿನ್‌ನ ತಿರುಗು ಎಷ್ಟು ಸಲ ದಿಕ್ಕು ಬದಲಿಸುತ್ತದೆ ಅನ್ನುವುದು. ಅಡ್ಡ ಕೂರಿಸಿದ ಎಂಜಿನ್, ಮುಂದಿನ ಚಕ್ರದ ಡ್ರೈವ್ ಇರುವ ಗಾಡಿಯಲ್ಲಿ ದಿಕ್ಕು ಬದಲಾಗುವುದೇ ಇಲ್ಲ. ಕ್ರ್ಯಾಂಕ್ ಯಾವ ಕಡೆಗೆ ಇದೆಯೋ ಆಕ್ಸಲ್ ಕೂಡ ಅದೇ ಕಡೆಗೆ. ನಡುವೆ ಇರುವುದು ಸಾದಾ ಹೆಲಿಕಲ್ (ಓರೆ ಹಲ್ಲಿನ) ಗೇರುಗಳು, ಒಂದೊಂದು ಜೋಡಿಗೆ ಶೇಕಡಾ 1ರಿಂದ 2ರಷ್ಟು ಹೋಗುತ್ತದೆ. ನಷ್ಟದ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ಜೋಡಣೆ ಇಲ್ಲ.

ಉದ್ದ ಕೂರಿಸಿದ ಎಂಜಿನ್, ಹಿಂದಿನ ಚಕ್ರದ ಡ್ರೈವ್ ಅಂದರೆ ಕೊನೆಯಲ್ಲಿ ತಿರುಗು 90 ಡಿಗ್ರಿ ತಿರುಗಬೇಕು. ಆ ಕೆಲಸ ಕ್ರೌನ್ ಪಿನಿಯನ್ನಿನದು: ಕ್ರೌನ್ ದೊಡ್ಡ ಗೇರು, ಅದನ್ನು ತಿರುಗಿಸುವ ಚಿಕ್ಕದು ಪಿನಿಯನ್. ಈಗಿನ ಗಾಡಿಗಳಲ್ಲಿ ಸಾಮಾನ್ಯವಾಗಿ ಹೈಪಾಯ್ಡ್ ಗೇರ್ ಇರುತ್ತದೆ, ಅಂದರೆ ಪಿನಿಯನ್ ಕ್ರೌನಿನ ನಡುಮಧ್ಯಕ್ಕೆ ಸೇರದೆ ಸ್ವಲ್ಪ ಕೆಳಗೆ ಸೇರುತ್ತದೆ. ಸದ್ದು ಕಡಿಮೆ, ಗಟ್ಟಿ ಜಾಸ್ತಿ. ಆದರೆ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಜಾರುತ್ತವೆ, ಉಜ್ಜುತ್ತವೆ. ಅಲ್ಲೇ ಶೇಕಡಾ 3ರಿಂದ 6ರವರೆಗೆ ಹೋಗುತ್ತದೆ. ಹಿಂದಿನ ಹೌಸಿಂಗ್‌ನ ಬಿರಡೆ ಬಿಚ್ಚಿದಾಗ ಬರುವ ಆ ಗಂಧಕದ ವಾಸನೆ ಗೊತ್ತಲ್ಲ? ಈ ಉಜ್ಜಾಟವನ್ನು ತಡಕೊಳ್ಳಲಿ ಅಂತಲೇ ಆ ಎಣ್ಣೆಗೆ ಗಂಧಕ ಸೇರಿಸಿರುತ್ತಾರೆ.

ಹಿಂದಿನ ಚಕ್ರದ ಗಾಡಿಗೆ ಒಂದು ಅನುಕೂಲವೂ ಇದೆ. ಹಳೇ ಅಂಬಾಸಡರ್‌ನ ನಾಲ್ಕನೇ ಗೇರ್ ನೆನೆಸಿಕೊಳ್ಳಿ, ಅದು ಡೈರೆಕ್ಟ್. ಎಂಜಿನ್ ಒಂದು ಸುತ್ತು ತಿರುಗಿದರೆ ಜಾಯಿಂಟ್ ಶಾಫ್ಟೂ ಒಂದೇ ಸುತ್ತು. ಆ ಗೇರಿನಲ್ಲಿ ಒತ್ತಡ ಗೇರ್‌ಬಾಕ್ಸಿನ ಯಾವ ಹಲ್ಲಿನ ಮೂಲಕವೂ ಹೋಗುವುದಿಲ್ಲ, ನೇರ ಹಿಂದಕ್ಕೆ ಹೋಗುತ್ತದೆ. ಜೋರಾದ ಅಮೆರಿಕನ್ ಗಾಡಿಗಳಲ್ಲಿ ಬರುತ್ತಿದ್ದ ಟ್ರೆಮೆಕ್ ಆರು ಗೇರಿನ ಬಾಕ್ಸಿನಲ್ಲೂ ನಾಲ್ಕನೆಯದು ಹೀಗೇ. ಅಂಥ ಗಾಡಿಯನ್ನು ಡೈನೊದಲ್ಲಿ ಆ ಗೇರಿನಲ್ಲೇ ಓಡಿಸಬೇಕು.

ಇನ್ನು ನಾಲ್ಕು ಚಕ್ರದ ಡ್ರೈವ್. ನಿಸಾನ್ ಜಿಟಿ-ಆರ್ ಆರ್35 ನೋಡಿ, 2007ರಲ್ಲಿ ಜಪಾನಿನಲ್ಲಿ 480 ಪಿಎಸ್ ಜೊತೆ ಬಂತು. ಎಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದೆ. ಹಾಗಾಗಿ ಒಂದು ಶಾಫ್ಟ್ ಎಂಜಿನ್ನಿಂದ ಹಿಂದಕ್ಕೆ ಹೋಗುತ್ತದೆ, ಪಕ್ಕದಲ್ಲೇ ಇನ್ನೊಂದು ಶಾಫ್ಟ್ ಹಿಂದಿನಿಂದ ಮುಂದಿನ ಚಕ್ರಕ್ಕೆ ವಾಪಸ್ ಬರುತ್ತದೆ. ಎರಡು ಡಿಫರೆನ್ಷಿಯಲ್, ಎರಡು ಕ್ರೌನ್ ಪಿನಿಯನ್, ನಡುವೆ ಕ್ಲಚ್. ಇಷ್ಟೆಲ್ಲ ಎಣ್ಣೆಯಲ್ಲಿ ತಿರುಗುತ್ತಲೇ ಇರಬೇಕು. ನಷ್ಟದ ದೃಷ್ಟಿಯಿಂದ ಇದಕ್ಕಿಂತ ಉದ್ದದ ದಾರಿ ಕಷ್ಟ. ಆದರೂ ನಿಂತ ಜಾಗದಿಂದ ಹೊರಟರೆ ಅದೇ ಶಕ್ತಿಯ ಹಿಂದಿನ ಚಕ್ರದ ಗಾಡಿ ಇದರ ಹಿಂದೆ ಉಳಿಯುತ್ತದೆ.

ಇದಕ್ಕಿಂತ ನೇರವಾದ ಹೋಲಿಕೆ ಬೇಕಾದರೆ ಬಿಎಂಡಬ್ಲ್ಯು ಎಂ5 ತಗೊಳ್ಳಿ. ಎಫ್10 ಪೀಳಿಗೆಯದಕ್ಕೆ 560 ಪಿಎಸ್, ಡ್ಯುಯಲ್ ಕ್ಲಚ್ (ಎರಡು ಕ್ಲಚ್ ಇರುವ ಆಟೋಮ್ಯಾಟಿಕ್) ಗೇರ್‌ಬಾಕ್ಸ್, ಹಿಂದಿನ ಚಕ್ರ ಮಾತ್ರ. ಆಮೇಲೆ ಬಂದ ಎಫ್90ಗೆ 600 ಪಿಎಸ್, ಟಾರ್ಕ್ ಕನ್ವರ್ಟರ್ (ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಆಟೋಮ್ಯಾಟಿಕ್), ನಾಲ್ಕು ಚಕ್ರ. ಹಳೆಯದು 0ರಿಂದ 100ಕ್ಕೆ 4.3 ಸೆಕೆಂಡ್, ಹೊಸದು 3.4. ಮುಕ್ಕಾಲು ಸೆಕೆಂಡಿಗಿಂತ ಜಾಸ್ತಿಯ ಈ ಉಳಿತಾಯ ಬರೀ 40 ಪಿಎಸ್‌ನಿಂದ ಬರುವಂಥದ್ದಲ್ಲ. ಅದು ಹಿಡಿತದಿಂದ ಬಂದದ್ದು. ಹಿಂದಿನ ಎರಡು ಟೈರು ಹೊಗೆ ಹಾರಿಸಿ ಹಾಳುಮಾಡುವ ಶಕ್ತಿಯ ಮುಂದೆ ಇನ್ನೊಂದು ಡಿಫರೆನ್ಷಿಯಲ್ ತಿನ್ನುವುದು ಸಣ್ಣದು.

ಹಾಗಾಗಿ ನನ್ನ ಮಾತು ಇಷ್ಟು. 250 ಹಾರ್ಸ್‌ಪವರ್ ಒಳಗಿನ ಗಾಡಿ, ದಿನಾ ಓಡಾಟ, ಆಗೊಮ್ಮೆ ಈಗೊಮ್ಮೆ ಟ್ರ್ಯಾಕ್ ಅಂದರೆ ಮುಂದಿನ ಚಕ್ರ ಸಾಕು, ಇದ್ದ ಶಕ್ತಿಯಲ್ಲಿ ಹೆಚ್ಚಿನದು ರಸ್ತೆಗೆ ಬರುತ್ತದೆ. 400 ದಾಟಿತು, ಮಳೆಯಲ್ಲೂ ಓಡಿಸಬೇಕು ಅಂದರೆ ನಾಲ್ಕು ಚಕ್ರ ತಗೊಳ್ಳಿ, ಡೈನೊ ಹಾಳೆಯಲ್ಲಿ ಕಡಿಮೆ ಬಂತು ಅಂತ ಕೊರಗಬೇಡಿ. ಸ್ಟೀರಿಂಗ್‌ನ ಸ್ಪರ್ಶ, ಹಿಂದಿನಿಂದ ತಳ್ಳುವ ಆ ಅನುಭವ ಮುಖ್ಯ ಅನ್ನುವವರಿಗೆ ಹಿಂದಿನ ಚಕ್ರ. ಅದಕ್ಕೆ ಯಾವ ಲೆಕ್ಕವೂ ಬೇಕಿಲ್ಲ.

ಯಾವ ಗೇರ್‌ಬಾಕ್ಸ್?

ಮ್ಯಾನುಯಲ್‌ನಲ್ಲಿ ನಷ್ಟ ಎಲ್ಲಕ್ಕಿಂತ ಕಡಿಮೆ. ಪಂಪ್ ಓಡಿಸುವ ಹೊರೆ ಸಾಮಾನ್ಯವಾಗಿ ಇಲ್ಲ, ಕ್ಲಚ್ ಬಿಟ್ಟ ಮೇಲೆ ಜಾರುವುದೂ ಇಲ್ಲ. ಡ್ಯುಯಲ್ ಕ್ಲಚ್ ಒಳಗೆ ನೋಡಿದರೆ ಎರಡು ಮ್ಯಾನುಯಲ್ ಒಂದೇ ಡಬ್ಬಿಯಲ್ಲಿ ಇದ್ದ ಹಾಗೆ. ಹಲ್ಲುಗಳ ನಷ್ಟ ಮ್ಯಾನುಯಲ್‌ನಷ್ಟೇ. ಆದರೆ ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಇದ್ದರೆ, ಗೆಳೆಯನ ಆಕ್ಟೇವಿಯಾದಲ್ಲಿ ಇರುವ ಹಾಗೆ, ಆ ಎಣ್ಣೆ ತಳ್ಳುವ ಪಂಪಿಗೆ, ಬಿಟ್ಟ ಕ್ಲಚ್ ಎಣ್ಣೆಯಲ್ಲಿ ಎಳೆಯುವುದಕ್ಕೆ ಸ್ವಲ್ಪ ಕೊಡಬೇಕು. ಒಣ ಕ್ಲಚ್‌ನ ಏಳು ಗೇರಿನ ಡಿಎಸ್‌ಜಿಯಲ್ಲಿ (ಫೋಕ್ಸ್‌ವ್ಯಾಗನ್, ಸ್ಕೋಡಾದವರು ಡ್ಯುಯಲ್ ಕ್ಲಚ್‌ಗೆ ಇಟ್ಟ ಹೆಸರು) ಆ ನಷ್ಟ ಕಡಿಮೆ, ಆದರೆ ಅದು ಹೊರುವ ಟಾರ್ಕ್ (ತಿರುಗಿಸುವ ಬಲ) 250 ನ್ಯೂಟನ್ ಮೀಟರ್ ಆಸುಪಾಸು ಮಾತ್ರ. ಜೋರು ಟ್ಯೂನ್ ಮಾಡಿಸುವ ಆಸೆ ಇರುವವರು ಅದನ್ನು ತಗೊಂಡು ಆಮೇಲೆ ಪರದಾಡಬೇಡಿ.

ಟಾರ್ಕ್ ಕನ್ವರ್ಟರ್ ಬಗ್ಗೆ ಹಳೇ ಭಯ ಇನ್ನೂ ಇದೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಎಣ್ಣೆ ಮಾತ್ರ ಇದ್ದ ಕಾಲದಲ್ಲಿ ಆ ಭಯ ಸರಿಯೇ ಇತ್ತು, ಜಾರಿದ್ದೆಲ್ಲ ಬಿಸಿ. ಈಗ ಗಾಡಿ ಹೊರಟ ಸ್ವಲ್ಪ ಹೊತ್ತಿಗೇ ಒಳಗಿನ ಲಾಕಪ್ ಕ್ಲಚ್ ಹಿಡಿದುಕೊಳ್ಳುತ್ತದೆ, ಆಮೇಲೆ ಜಾರಾಟವೇ ಇಲ್ಲ. ಝಡ್‌ಎಫ್ ಕಂಪನಿಯ ಎಂಟು ಗೇರಿನ ಬಾಕ್ಸ್ 2009ರಲ್ಲಿ ಬಂತು. ಅದರಲ್ಲಿ ಗೇರ್ ಬದಲಿಸುವ ಕ್ಲಚ್, ಬ್ರೇಕ್ ಸೇರಿ ಐದು ಇವೆ, ಯಾವ ಗೇರಿನಲ್ಲಿದ್ದರೂ ತೆರೆದಿರುವುದು ಎರಡೇ. ತೆರೆದ ಕ್ಲಚ್ಚೇ ಎಣ್ಣೆಯಲ್ಲಿ ಎಳೆಯುವುದು, ಅದು ಕಡಿಮೆಯಾದರೆ ನಷ್ಟವೂ ಕಡಿಮೆ. ಎಫ್90 ಎಂ5ಗೆ ಬಿಎಂಡಬ್ಲ್ಯು ಡ್ಯುಯಲ್ ಕ್ಲಚ್ ಬಿಟ್ಟು ಈ ಕುಟುಂಬದ ಬಾಕ್ಸನ್ನೇ ಹಾಕಿತು. ಡೈನೊ ಮೇಲೆ ಒಂದು ಎಚ್ಚರ: ಲಾಕಪ್ ಹಿಡಿದಿದೆ ಅಂತ ಖಾತ್ರಿ ಮಾಡಿಕೊಂಡೇ ಅಳೆಯಬೇಕು. ಇಲ್ಲದಿದ್ದರೆ ಗೆರೆ ಸೊಟ್ಟ ಬರುತ್ತದೆ.

ನಷ್ಟ ಕಡಿಮೆ ಅಂತ ಮ್ಯಾನುಯಲ್ ಆರಿಸುವವರು ಪೋರ್ಷೆ 911 ಜಿಟಿ3 ನೋಡಿ. 992 ಪೀಳಿಗೆಯಲ್ಲಿ ಅದೇ 510 ಪಿಎಸ್ ಎಂಜಿನ್ನಿಗೆ ಎರಡೂ ಸಿಗುತ್ತಿತ್ತು. ಡ್ಯುಯಲ್ ಕ್ಲಚ್ 100ಕ್ಕೆ 3.4 ಸೆಕೆಂಡ್, ಮ್ಯಾನುಯಲ್ 3.9. ಎರಡು ಗೇರುಗಳ ನಡುವೆ ಕೈ ಕಾಲು ಆಡಿಸುವ ಹೊತ್ತಿನಲ್ಲಿ ಚಕ್ರಕ್ಕೆ ಬರುವ ಶಕ್ತಿ ಸೊನ್ನೆ. ಮ್ಯಾನುಯಲ್ ತಗೊಳ್ಳಿ, ನಾನೂ ಅದನ್ನೇ ಓಡಿಸುತ್ತೇನೆ, ಆದರೆ ಎರಡು ಮೂರು ಹಾರ್ಸ್‌ಪವರ್ ಉಳಿಯುತ್ತದೆ ಅನ್ನುವ ಕಾರಣಕ್ಕೆ ಬೇಡ.

ಗೇರ್‌ಬಾಕ್ಸನ್ನೇ ಕಿತ್ತುಹಾಕಿದವರೂ ಇದ್ದಾರೆ. ಸ್ವೀಡನ್ನಿನ ಕೋನಿಗ್‌ಸೆಗ್ 2015ರಲ್ಲಿ ತೋರಿಸಿದ ರೆಗೇರಾದಲ್ಲಿ ವಿ8 ಎಂಜಿನ್ ಒಂದೇ ಅನುಪಾತದಲ್ಲಿ ಹಿಂದಿನ ಆಕ್ಸಲ್ ತಿರುಗಿಸುತ್ತದೆ, ಕಡಿಮೆ ವೇಗದಲ್ಲಿ ವಿದ್ಯುತ್ ಮೋಟಾರುಗಳು ನೆರವಾಗುತ್ತವೆ.

ಡೈನೊ ಆರಿಸುವುದು: ಇಲ್ಲೇ ಜಾಸ್ತಿ ಮೋಸಹೋಗುವುದು

ರೋಲರ್ ಡೈನೊದಲ್ಲಿ ಟೈರಿನ ನಷ್ಟವೂ ಸೇರುತ್ತದೆ. ಡ್ರೈವ್ ಇರುವ ಆಕ್ಸಲ್ ಮೇಲೆ 800 ಕಿಲೋ ಭಾರ, ಟೈರಿನ ಉರುಳು ತಡೆ ಭಾರದ ಶೇಕಡಾ 1.5 ಅಂತ ಇಟ್ಟುಕೊಂಡರೆ, ಗಂಟೆಗೆ 180 ಕಿಲೋಮೀಟರ್ ವೇಗದಲ್ಲಿ ಟೈರಿಗೇ 8 ಹಾರ್ಸ್‌ಪವರ್ ಬೇಕು. ಇದು ಸಪಾಟು ರಸ್ತೆಯ ಲೆಕ್ಕ. ದುಂಡಗಿನ ರೋಲರ್ ಟೈರನ್ನು ಇನ್ನೂ ಜಾಸ್ತಿ ಅಮುಕುತ್ತದೆ. ಮೇಲಿಂದ ಪಟ್ಟಿ ಬಿಗಿದು ಎಳೆದರೆ ಇನ್ನಷ್ಟು. ಆವತ್ತು ಮೂರನೇ ರನ್ ಮುಗಿದ ಮೇಲೆ ನಾನು ಬಗ್ಗಿ ಮುಂದಿನ ಟೈರ್ ಮೇಲೆ ಅಂಗೈ ಇಟ್ಟೆ. ಎರಡು ಎಣಿಸುವಷ್ಟು ಹೊತ್ತೂ ಇಡಲಾಗಲಿಲ್ಲ. ಕಾದ ರಬ್ಬರಿನ ವಾಸನೆ ಕೈಗೆ ಅಂಟಿಕೊಂಡಿತ್ತು. ಕಳೆದುಹೋದ ಹಾರ್ಸ್‌ಪವರ್‌ನಲ್ಲಿ ಒಂದಿಷ್ಟು ಆ ಬಿಸಿಯಲ್ಲೇ ಇತ್ತು.

ಹಬ್ ಡೈನೊದಲ್ಲಿ ಚಕ್ರ ಬಿಚ್ಚಿ ಹಬ್ಬಿಗೇ ಯಂತ್ರ ಜೋಡಿಸುತ್ತಾರೆ. ನ್ಯೂಜಿಲೆಂಡಿನ ಡೈನಪ್ಯಾಕ್, ಸ್ವೀಡನ್ನಿನ ರೋಟೋಟೆಸ್ಟ್ ಈ ಜಾತಿಯವು. ಟೈರಿನ ಬಿಸಿ ಇಲ್ಲ, ಜಾರುವುದಿಲ್ಲ, ಪಟ್ಟಿಯ ಬಿಗಿ ಲೆಕ್ಕಕ್ಕೆ ಬರುವುದಿಲ್ಲ. ಅದೇ ಗಾಡಿಗೆ ಸಂಖ್ಯೆ ಸ್ವಲ್ಪ ಜಾಸ್ತಿ ಬರುತ್ತದೆ, ಒಂದು ರನ್ನಿಗೂ ಇನ್ನೊಂದಕ್ಕೂ ವ್ಯತ್ಯಾಸ ಕಡಿಮೆ ಇರುತ್ತದೆ. 400ರ ಮೇಲಿನ ಗಾಡಿಗೆ ಸಿಕ್ಕರೆ ಹಬ್ ಡೈನೊನೇ ಹುಡುಕಿ.

ಇನ್ನು ಕೆಲವು ಯಂತ್ರಗಳು, ಜರ್ಮನಿಯ ಮಾಹಾದವರದ್ದು ಇದ್ದ ಹಾಗೆ, ರನ್ ಮುಗಿದ ಮೇಲೆ ಕ್ಲಚ್ ಒತ್ತಿ ಚಕ್ರ ತಾನಾಗಿ ನಿಲ್ಲುವವರೆಗೂ ಅಳೆದು, ಆ ಎಳೆತವನ್ನು ಕೂಡಿಸಿ ಎಂಜಿನ್ ಶಕ್ತಿ ಹೇಳುತ್ತವೆ. ಅಡ್ಡಾದಿಡ್ಡಿಯಾಗಿ ಶೇಕಡಾ 15 ಕೂಡಿಸುವುದಕ್ಕಿಂತ ಎಷ್ಟೋ ಮೇಲು. ಆದರೆ ಆ ಹೊತ್ತಿನಲ್ಲಿ ಹಲ್ಲುಗಳ ಮೇಲೆ ಒತ್ತಡ ಇರುವುದಿಲ್ಲವಾದ್ದರಿಂದ ಒತ್ತಡದ ನಷ್ಟ ಅದಕ್ಕೆ ಪೂರ್ತಿ ಸಿಗುವುದಿಲ್ಲ.

ಈಗ ಆ 196 ಮತ್ತು 219ರ ವಿಷಯ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಗಾಳಿ ತೆಳು. ಟರ್ಬೊ ಇಲ್ಲದ ಎಂಜಿನ್ ಮಂಗಳೂರಿನಲ್ಲಿ ಕೊಡುವಷ್ಟು ಇಲ್ಲಿ ಕೊಡುವುದಿಲ್ಲ, ಶೇಕಡಾ 10ರ ಹತ್ತಿರ ಕಡಿಮೆ ಕೊಡುತ್ತದೆ. ಅದನ್ನು ಸರಿದೂಗಿಸಲು ವಾಹನ ಎಂಜಿನಿಯರುಗಳ ಸಂಘದ ಎಸ್‌ಎಇ ಸೂತ್ರ ಇದೆ, ಇದಕ್ಕೆ ಕರೆಕ್ಷನ್ ಅನ್ನುತ್ತಾರೆ, ನಮ್ಮೂರಿನ ಗಾಳಿಗೆ ಅದು ಶೇಕಡಾ 12ರಷ್ಟು ಕೂಡಿಸಿಬಿಡುತ್ತದೆ. ಟರ್ಬೊ ಇಲ್ಲದ ಗಾಡಿಗೆ ಇದು ನ್ಯಾಯ. ಟರ್ಬೊ ಗಾಡಿಯ ಕಂಪ್ಯೂಟರ್ ಮಾತ್ರ ತೆಳು ಗಾಳಿಯನ್ನು ಕಂಡುಕೊಂಡು ಟರ್ಬೊವನ್ನು ಇನ್ನಷ್ಟು ಜೋರಾಗಿ ತಿರುಗಿಸಿ ಕೊರತೆಯಲ್ಲಿ ಹೆಚ್ಚಿನದನ್ನು ತಾನೇ ತುಂಬಿಕೊಂಡಿರುತ್ತದೆ. ಅದರ ಮೇಲೆ ಮತ್ತೆ 12 ಕೂಡಿಸಿದರೆ? 196 ಹೋಗಿ 219. ಎಂಜಿನ್ನಿನಲ್ಲಿ 227, ಚಕ್ರದಲ್ಲಿ 219, ಅಂದರೆ ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಟೈರು ಎಲ್ಲ ಸೇರಿ ತಿಂದದ್ದು ಬರೀ 8. ಟೈರೊಂದಕ್ಕೇ ಅಷ್ಟು ಬೇಕು ಅಂತ ಈಗ ತಾನೇ ನೋಡಿದೆವು. ಬೆಂಗಳೂರು, ಮೈಸೂರು, ಹಾಸನದ ಕಡೆ ಟರ್ಬೊ ಗಾಡಿ ಅಳೆಸುವವರು ಕರೆಕ್ಷನ್ ಇಲ್ಲದ ಸಂಖ್ಯೆಯನ್ನೇ ಕೇಳಿ ತಗೊಳ್ಳಿ. ಸೂತ್ರದಲ್ಲೂ ಎರಡಿವೆ. ಹಳೇ ಎಸ್‌ಟಿಡಿ ಅನ್ನುವುದು ಹೊಸ ಎಸ್‌ಎಇಗಿಂತ ಸುಮಾರು ಶೇಕಡಾ 4 ಜಾಸ್ತಿ ತೋರಿಸುತ್ತದೆ, ಹಾಳೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ, ನೋಡಿ.

ನನಗೇ ಆದ ಒಂದು ಅನುಭವ ಹೇಳಬೇಕು. ಕೆಲವು ವರ್ಷದ ಹಿಂದೆ ಒಂದು ಕಡೆ ಟ್ಯೂನ್ ಮಾಡಿಸಿದೆ, ಮುಂಚೆ ಒಂದು ರನ್, ಆಮೇಲೆ ಒಂದು ರನ್. ಒಳ್ಳೇ ಏರಿಕೆ ಕಾಣಿಸಿತು. ಮನೆಗೆ ಬಂದು ಎರಡು ಹಾಳೆ ಪಕ್ಕಪಕ್ಕ ಇಟ್ಟಾಗ ಗೊತ್ತಾಯಿತು, ಮೊದಲನೆಯದು ಮೂರನೇ ಗೇರಿನಲ್ಲಿ, ಎರಡನೆಯದು ನಾಲ್ಕನೆಯದರಲ್ಲಿ. ಕಡಿಮೆ ಗೇರಿನಲ್ಲಿ ಎಂಜಿನ್ ಬೇಗ ಬೇಗ ಏರುತ್ತದೆ, ಫ್ಲೈವೀಲ್ (ಕ್ರ್ಯಾಂಕ್ ತುದಿಗೆ ಜೋಡಿಸಿದ ಭಾರದ ಚಕ್ರ) ಮತ್ತಿತರ ತಿರುಗುವ ಭಾಗಗಳನ್ನು ಏರಿಸಲಿಕ್ಕೇ ಶಕ್ತಿ ಜಾಸ್ತಿ ಹೋಗುತ್ತದೆ, ಡೈನೊಗೆ ಕಡಿಮೆ ಕಾಣುತ್ತದೆ. ನಾನು ದುಡ್ಡು ಕೊಟ್ಟು ತಂದ ಏರಿಕೆಯಲ್ಲಿ ಒಂದು ಪಾಲು ಬರೀ ಗೇರ್ ಬದಲಿಸಿದ್ದರಿಂದ ಬಂದದ್ದು. ಆವತ್ತು ನಿಜವಾಗಿ ಹೊಟ್ಟೆ ಉರಿಯಿತು.

ಹಗುರ ಫ್ಲೈವೀಲ್, ಹಗುರ ಚಕ್ರ ಹಾಕಿಸಿದರೆ ಡೈನೊದಲ್ಲಿ ಹಾರ್ಸ್‌ಪವರ್ ಏರುವುದೂ ಇದೇ ಕಾರಣಕ್ಕೆ. ಎಂಜಿನ್ ಒಂದಿಷ್ಟೂ ಜಾಸ್ತಿ ಕೊಡುತ್ತಿಲ್ಲ. ಆದರೆ ವೇಗ ಏರಿಸುವಾಗ ಲಾಭ ನಿಜ, ಅದರಲ್ಲೂ ಚಕ್ರದ್ದು. ನನ್ನ ಆಯ್ಕೆ ಚಕ್ರ. ಹಗುರ ಫ್ಲೈವೀಲ್ ಟ್ರಾಫಿಕ್‌ನಲ್ಲಿ ಪ್ರಾಣ ತಿನ್ನುತ್ತದೆ. ಗೇರ್ ಆಯಿಲ್ ಮಟ್ಟಿಗೆ ಕಂಪನಿ ಹೇಳಿದ್ದನ್ನೇ, ಹೇಳಿದಷ್ಟೇ ಹಾಕಿ. ಜಾಸ್ತಿ ಹಾಕಿದರೆ ಗೇರುಗಳಿಗೆ ಕಡೆಯುವ ಕೆಲಸವೇ ಜಾಸ್ತಿ.

ಹಾಗಂತ ಚಕ್ರದ ಸಂಖ್ಯೆಗೆ ಬೆಲೆಯಿಲ್ಲ ಅಂತಲ್ಲ. 1999ರಲ್ಲಿ ಫೋರ್ಡ್ ಮಸ್ಟ್ಯಾಂಗ್ ಎಸ್‌ವಿಟಿ ಕೋಬ್ರಾಗೆ 320 ಹಾರ್ಸ್‌ಪವರ್ ಅಂತ ಹೇಳಿದ್ದರು. ಅಮೆರಿಕದಲ್ಲಿ ಮಾಲೀಕರು ಡೈನೊ ಮೇಲೆ ಹತ್ತಿಸಿ ನೋಡಿದಾಗ ನಷ್ಟದ ಲೆಕ್ಕ ಹಿಡಿದರೂ ಸಂಖ್ಯೆ ಕಡಿಮೆಯೇ ಬಂತು. ಒಬ್ಬರಲ್ಲ, ಬಹಳ ಜನ. ಕೊನೆಗೆ ಫೋರ್ಡ್ ಗಾಡಿಗಳನ್ನು ವಾಪಸ್ ಕರೆಸಿ ಇನ್‌ಟೇಕ್ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಹಂಚುವ ಕೊಳವೆ), ಎಕ್ಸಾಸ್ಟ್ ಬದಲಿಸಿ ಕೊಟ್ಟಿತು. ಜಪಾನಿನದ್ದು ಇದರ ಉಲ್ಟಾ. ಅಲ್ಲಿನ ಕಂಪನಿಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು 2004ರವರೆಗೂ 280 ಪಿಎಸ್ ದಾಟಿ ಬರೆಯುತ್ತಿರಲಿಲ್ಲ. ಆ ಕಾಲದ ಸ್ಕೈಲೈನ್ ಜಿಟಿ-ಆರ್ ಎಂಜಿನ್ ಅದಕ್ಕಿಂತ ಜಾಸ್ತಿಯೇ ಕೊಡುತ್ತಿತ್ತು. ಕಾಗದದ ಸಂಖ್ಯೆಗೂ ಚಕ್ರದ ಸಂಖ್ಯೆಗೂ ಅಂತರ ತೀರಾ ಕಡಿಮೆ ಬಂದರೆ ಇಂಥದ್ದೂ ಇರಬಹುದು.

ಆರು ತಿಂಗಳ ಮೇಲೆ ಗೆಳೆಯ ಟ್ಯೂನ್ ಮಾಡಿಸಿದ. ಈ ಸಲ ಅಂಗಡಿಯಲ್ಲಿ ಅವನೇ ನಿಂತು ಹೇಳಿದ: ಅದೇ ಡೈನೊ, ನಾಲ್ಕನೇ ಗೇರ್, ಟೈರಿನಲ್ಲಿ 35 ಪಿಎಸ್‌ಐ, ಗೇರ್‌ಬಾಕ್ಸ್ ಬಿಸಿಯಾದ ಮೇಲೆ ಮೂರು ರನ್, ಕರೆಕ್ಷನ್ ಬೇಡ. ಹಳೇ ಹಾಳೆಯಲ್ಲಿ 196, ಹೊಸದರಲ್ಲಿ 241. ಕ್ರ್ಯಾಂಕ್‌ನಲ್ಲಿ ಎಷ್ಟು ಸಾರ್ ಬರೆಯಲಿ ಅಂತ ಹುಡುಗ ಕೇಳಿದ. ಆ ಜಾಗ ಖಾಲಿ ಬಿಡು ಅಂದ ಗೆಳೆಯ.